ಕಿಂಟೈರ್‌ನಲ್ಲಿ ಅವ್ವನ ಚಕ್ಕುಲಿ

ಎದುರಿಗೆ ಬಂದ ಕಾರಿನ ಮುದುಕ ನಮ್ಮನ್ನು ನೋಡಿ ಕೈ ಎತ್ತಿದ. ನಾನು ಲಂಡನ್ನಿನ ಕಿಂಗ್ಸ್‌ಬರಿಗೆ ಬಂದು ಆರು ವರ್ಷವಾದರೂ ಪಕ್ಕದ ಮನೆಯಾಕೆ ಹವಾಮಾನ ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಸ್ಕಾಟ್ಲೆಂಡಿನ ಈ ಕಿಂಟೈರ್ ಪರ್ಯಾಯದ್ವೀಪದಲ್ಲಿ ಗುರುತಿಲ್ಲದವನೊಬ್ಬ ಬೀಗರನ್ನು ಕಂಡವನ ಹಾಗೆ ಕೈ ಮಾಡುತ್ತಾನಲ್ಲ! ನನಗೆ ಗಾಬರಿಯೇ ಆಯಿತು.

ತೊಂಬತ್ತರ ದಶಕದ ಬೇಸಿಗೆ ಅದು. ಹಿಂದಿನ ಸೀಟಿನಲ್ಲಿ ಧಾರವಾಡದಿಂದ ಬಂದ ಅವ್ವ. ಮೂರು ತಿಂಗಳು ನಮ್ಮ ಫ್ಲ್ಯಾಟಿನ ಕಿಟಕಿಯಲ್ಲಿ ಕೂತು ಅವಳದು ಒಂದೇ ರಾಗ: “ಒಬ್ಬರೂ ಊಟಾತೇನು ಅಂತ ಕೇಳಂಗಿಲ್ಲ. ಇಲ್ಲೆ ಹೆಂಗ ಜೀವನಾ ಮಾಡ್ತಿಯವಾ?” ಮುಂದಿನ ವಾರ ಅವಳ ವಿಮಾನ. ಮಗಳು ಸುಖವಾಗಿದ್ದಾಳೆಂದು ನಂಬಿಸಿಯೇ ಕಳಿಸಬೇಕು. ಅದಕ್ಕೇ ಡಾಕ್ಟರ್ ಗಂಡನ ಬೆನ್ನು ಹತ್ತಿ, ರಜೆ ಹಾಕಿಸಿ, ಇಷ್ಟು ದೂರ ತಿರುಗಾಡಿಸಲು ಕರೆತಂದಿದ್ದೆ.

ಒಂದು ಕಡೆ ಸಮುದ್ರ, ಒಂದು ಕಡೆ ಕುರಿಗಳ ಗುಡ್ಡ, ನಡುವೆ ಒಂದೇ ಕಾರು ಹಿಡಿಸುವ ರಸ್ತೆ. ಅಲ್ಲಲ್ಲಿ ರಸ್ತೆ ಅಗಲವಾಗುವ ಜಾಗಕ್ಕೆ ‘ಪಾಸಿಂಗ್ ಪ್ಲೇಸ್’ ಎನ್ನುತ್ತಾರೆ. ನಾವು ಅಲ್ಲಿ ಸರಿದು ನಿಂತರೆ ಎದುರಿನವರು ಉಪಕಾರವಾಯಿತೆಂದು ಕೈ ಎತ್ತಿ ಹೋಗುತ್ತಾರೆ, ಅಷ್ಟೇ. ಅವ್ವನಿಗೆ ಯಾರು ಹೇಳಬೇಕು? ಪ್ರತಿ ಕಾರಿಗೂ ಎರಡೂ ಕೈ ಜೋಡಿಸಿದಳು. ಐದನೆಯದಕ್ಕೆ ತಡೆಯಲಾಗಲಿಲ್ಲ.

“ಅಳಿಯಂದ್ರ, ನಿಲ್ಲಸ್ರಿ! ಕೈ ಮಾಡಿದವರನ್ನ ಮಾತಾಡಸದ ಹೋದ್ರ ಸೊಕ್ಕು ಅಂತಾರ!”

“ಅತ್ತಿಯವರ, ಅದು ಇಲ್ಲಿ ಪದ್ಧತಿರಿ, ಪರಿಚಯ ಇರಂಗಿಲ್ಲ...” ಎನ್ನುವಷ್ಟರಲ್ಲಿ ಅವ್ವ ಗಾಜು ಇಳಿಸಿ, ಮಡಿಲಲ್ಲಿದ್ದ ಚಕ್ಕುಲಿ ಡಬ್ಬಿ ಹೊರಗೆ ಚಾಚಿದ್ದಳು. ಎದುರಿನ ಕಾರಿನ ಮುದುಕಿ ನಿಂತೇಬಿಟ್ಟಳು. ಅವಳ ಹಿಂದೆ ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಕಾರು. ಲಂಡನ್ನಿನಲ್ಲಾಗಿದ್ದರೆ ಹಾರ್ನ್ ಹೊಡೆದೇ ನಮ್ಮ ವಂಶ ಉದ್ಧಾರ ಮಾಡುತ್ತಿದ್ದರು. ಇಲ್ಲಿ ಟ್ರ್ಯಾಕ್ಟರಿನವನು ಇಳಿದು ಬಂದು ತಾನೂ ಒಂದು ಚಕ್ಕುಲಿ ತೆಗೆದುಕೊಂಡ. ನನ್ನ ಗಂಡ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತರು.

ಮುದುಕಿ ಕಟಕಟ ಅಗಿಯುತ್ತ, ನೀವು ಎಲ್ಲಿಯವರು ಎಂದು ನನ್ನನ್ನು ಕೇಳಿದಳು.

“ಲಂಡನ್,” ಎಂದೆ.

ಲಂಡನ್ನಿನಲ್ಲಿ ಯಾರು ಕೇಳಿದರೂ ಧಾರವಾಡ ಎನ್ನುವ ಬಾಯಿ ಇದು! ಅವ್ವನಿಗೆ ಇಂಗ್ಲಿಷ್ ಬಾರದು. ಆದರೆ ಆ ಒಂದು ಶಬ್ದ ತಿಳಿಯುತ್ತಿತ್ತು. ಡಬ್ಬಿ ಮುಚ್ಚಿದಳು.

ಕಾರು ಹೊರಟಿತು. ಅವ್ವ ಹಿಂದಿನಿಂದ ನನ್ನ ಹೆಗಲು ಮುಟ್ಟಿ, “ಇನ್ನ ನನಗ ನಿನ್ನ ಚಿಂತಿ ಇಲ್ಲವಾ. ನೀ ಇಲ್ಲಿಯಾಕಿ ಆದಿ,” ಎಂದಳು.

ನಾನು ಬಯಸಿದ್ದು ಇದನ್ನೇ ತಾನೇ? ಆದರೂ ಗಕ್ಕನೆ ಹಿಂದಿನ ಸೀಟಿನತ್ತ ತಿರುಗಿದೆ.

“ಇಲ್ಲವ್ವಾ, ನಾ ಧಾರವಾಡದಾಕಿನ ಅದೀನಿ!” ಎಂದು ಅಳುತ್ತ ಕೂಗಿದೆ.

“ಹಂಗಾದ್ರ ಆಕಿ ಮುಂದ ಯಾಕ ಅನ್ಲಿಲ್ಲ?” ಎಂದಳು ಅವ್ವ.