ಪಾದ್ರಿ ದೊಡ್ಡಿಯ ಬೋರ್‌ವೆಲ್

ಬೋರ್‌ವೆಲ್‌ಗೆ ಜಾಗ ಗುರುತಿಸಲು ಕುಣಿಗಲ್ ಕಡೆಯ ಹಳ್ಳಿಗೆ ಹೋಗಿದ್ದೆ. ಊರಾಚೆ, ಹಿಂದೆ ಮಿಷನ್ನಿನವರು ದನಗಳನ್ನೂ ಅನಾಥ ಮಕ್ಕಳನ್ನೂ ಸಾಕುತ್ತಿದ್ದ ಪಾದ್ರಿ ದೊಡ್ಡಿಯಿತ್ತು. ಈಗ ಉಳಿದಿದ್ದು ಮೋಟುಗೋಡೆ. ಅದರ ಹಿಂದೆ, ನೆಲದಡಿಯ ನೀರು ಪತ್ತೆ ಮಾಡುವ ನನ್ನ ಮೀಟರು ಒಳ್ಳೆಯ ನೀರು ತೋರಿಸಿತು. ಗುರುತಿಗೆ ಸುಣ್ಣ ಹಾಕಲು ಬಗ್ಗಿದೆ. ಆ ದೊಡ್ಡಿಯಲ್ಲೇ ಬೆಳೆದ ಮುದುಕಿ ಶಾಂತಮ್ಮ ಕೈ ಹಿಡಿದಳು.

"ಅಲ್ಲಿ ಬ್ಯಾಡ ಕಣಪ್ಪ. ಪ್ಲೇಗಲ್ಲಿ ಸತ್ತ ಮಕ್ಕಳೆಲ್ಲ ಅಲ್ಲೇ ಅವ್ರೆ. ನನ್ನ ತಮ್ಮನೂವೆ."

"ಊರವರಿಗೆ ಗೊತ್ತಿಲ್ವಾ ಅಜ್ಜಿ?"

"ಗೊತ್ತಿಲ್ದೇನು? ಸಮಾಧಿ ಕಲ್ಲೆಲ್ಲ ಕಿತ್ತು ಕೊಟ್ಟಿಗೇಲಿ ಹಾಸ್ಕಂಡವ್ರೆ."

ಗುರುತನ್ನು ಗೋಡೆಯ ಈಚೆಗೆ ಹಾಕಿದೆ. ಕೊರೆದಾಗ ಬರೀ ಧೂಳೆದ್ದಿತು.

"ನಿಮ್ಮ ಮೀಟ್ರಿಗಿಂತ ನಮ್ಮ ತೆಂಗಿನಕಾಯೋನೇ ವಾಸಿ ಬುಡಿ ಸಾ," ಎಂದು ಬೋರ್‌ವೆಲ್ ಕೊರೆಸುತ್ತಿದ್ದ ಊರ ಪಟೇಲರು ಹಂಗಿಸಿದರು.

ಆಮೇಲೆ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನೀರು ನೋಡುವ ಆ ಮನುಷ್ಯನನ್ನೇ ಕರೆಸಿದರಂತೆ. ಕಾಯಿ ಎದ್ದು ನಿಂತದ್ದು ಗೋಡೆಯ ಹಿಂದೆ, ನಾನು ಮೊದಲು ಸುಣ್ಣ ಹಾಕಲು ಬಗ್ಗಿದ್ದ ಜಾಗದಲ್ಲೇ. ನನ್ನ ಮೀಟರಿಗೂ ಅದಕ್ಕೂ ಯಾವ ಜಗಳವೂ ಇರಲಿಲ್ಲ.