ಬೆವರು ತಿಳಿಯಾದ ಮೇಲೆ

ನನ್ನ ಅಣ್ಣ ಗಾಲ್ಸನ್ ಓಟದ ಕುದುರೆಗಳನ್ನು ಅಣಿಗೊಳಿಸುವವನಾಗಿದ್ದ. ಅವನು ಬೆವರನ್ನೇ ಓದಬಲ್ಲ ಎಂದು ಖೆಂತಿ ಸೀಮೆಯ ನಮ್ಮ ಹುಲ್ಲುಗಾವಲಿನಲ್ಲಿ ಹೇಳುತ್ತಿದ್ದರು. ಓಡಿಸಿ ತಂದ ಕುದುರೆಯ ಮೈಯಿಂದ ಮರದ ಪಟ್ಟಿಯಲ್ಲಿ ಬೆವರು ಬಳಿದು, ಬೆರಳಲ್ಲಿ ಉಜ್ಜಿ, ನಾಲಿಗೆಗೂ ಹಚ್ಚಿ ನೋಡುವನು. ಮೊದಮೊದಲು ಅದು ಮಂದವಾಗಿ ಜಿಡ್ಡುಜಿಡ್ಡಾಗಿರುತ್ತದೆ. ಬರುಬರುತ್ತ ನೀರಿನ ಹಾಗೆ ತಿಳಿಯಾಗುತ್ತದೆ. ತಿಳಿಯಾದರೆ ಕುದುರೆ ಸಿದ್ಧ, ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ದಣಿಸಿದರೆ ಕುದುರೆ ಕುಸಿಯುತ್ತದೆ.

ಯಕೃತ್ತಿನ ಕಾಯಿಲೆ ನಮ್ಮವರಿಗೆ ಹೊಸದಲ್ಲ. ಅಮ್ಮ ಅದರಲ್ಲೇ ಹೋದಳು. ಅಣ್ಣನ ರಕ್ತದಲ್ಲೂ ಹೆಪಟೈಟಿಸ್ ಬಿ ಸಿಕ್ಕಿತು. ಒಂದು ಮಿಲಿಲೀಟರಿನಲ್ಲಿ ಎರಡು ಕೋಟಿ ವೈರಾಣು. ಜಿಲ್ಲಾ ಆಸ್ಪತ್ರೆಯಲ್ಲಿ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಎರಡನೆಯ ವರ್ಷ 'ಪತ್ತೆಯಾಗಿಲ್ಲ' ಎಂದು ಫಲಿತಾಂಶ ಬಂತು.

"ಹಾಗಂದ್ರೆ ಹೋಗಿದೆ ಅಂತಲ್ಲ," ಎಂದರು ಡಾಕ್ಟರಮ್ಮ. "ಯಂತ್ರಕ್ಕೆ ಸಿಗದಷ್ಟು ಕಡಿಮೆ ಇದೆ ಅಷ್ಟೇ. ಯಕೃತ್ತಿನೊಳಗೆ ಅವಿತು ಕೂತಿರುತ್ತೆ. ಮಾತ್ರೆ ಬಿಡಬೇಡಿ."

ಅಣ್ಣ ತಲೆಯಾಡಿಸಿದ. ಗುಡಾರಕ್ಕೆ ಬಂದು ಅತ್ತಿಗೆ ನನ್ಸಲ್ಮಾಗೆ ಹೇಳಿದ್ದೇ ಬೇರೆ: "ಬೆವರು ತಿಳಿಯಾಯ್ತು ಕಣೇ. ಇನ್ನು ಮಾತ್ರೆ ಸಾಕು."

"ಬಿಡಬೇಡಿ ಅಂದ್ರಂತಲ್ಲ?"

"ಪಟ್ಟಣದವ್ರು. ಕುದುರೆ ಬೀಳೋವರ್ಗೂ ಓಡ್ಸು ಅಂತಾರೆ."

"ನೀನೇನು ಕುದುರೆನಾ?"

"ಆಗಿದ್ರೆ ನೀನು ಇಷ್ಟು ಬೈತಿರ್ಲಿಲ್ಲ."

ನಾವೆಲ್ಲ ನಕ್ಕೆವು. ಅವನು ಮಾತ್ರೆ ಬಿಟ್ಟ. ವಸಂತದಲ್ಲಿ ಕುರಿಮರಿಗಳು ಹುಟ್ಟುವ ಕಾಲಕ್ಕೆ ಅವನ ಕಣ್ಣು ಹಳದಿಯಾಯಿತು. ಈ ಸಲ ಐವತ್ತು ಕೋಟಿ.

ಮತ್ತೆ ಮಾತ್ರೆ ಶುರುವಾಯಿತು. ಶರತ್ಕಾಲದ ಹೊತ್ತಿಗೆ ಸಂಖ್ಯೆ ಸಾವಿರಕ್ಕೆ ಇಳಿಯಿತು. ಆದರೆ ಅಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು, ಅದು ಇಳಿಯಲಿಲ್ಲ.

"ಸಂಖ್ಯೆ ಇಳಿದಿದೆಯಲ್ಲ ಡಾಕ್ಟ್ರೇ, ಮತ್ಯಾಕೆ ಹೀಗೆ?" ಅತ್ತಿಗೆ ಕೇಳಿದಳು.

"ಅದು ವೈರಾಣುವಿನ ಲೆಕ್ಕ, ತಾಯಿ. ಯಕೃತ್ತು ಎಷ್ಟು ಉಳಿದಿದೆ ಅಂತ ಅದು ಹೇಳಲ್ಲ."

ಗುಡಾರದಲ್ಲಿ ಮಲಗಿದ್ದಲ್ಲಿಂದ ಅಣ್ಣ ನನ್ನನ್ನು ಕರೆದ. "ನಿಂದೂ ನೋಡಿಸ್ಕೊಂಡ್ಯೇನೋ?"

ನೋಡಿಸಿಕೊಂಡಿದ್ದೆ. ಒಂದೇ ತಾಯಿಯ ಮಕ್ಕಳು.

"ಎಷ್ಟು?"

"ಎಂಬತ್ತು ಲಕ್ಷ. ನಂಗೂ ಅದೇ ಮಾತ್ರೆ ಕೊಟ್ಟಿದಾರೆ."

"ನನ್ನ ಹತ್ರಕ್ಕೂ ಬರ್ಲಿಲ್ಲ ಬಿಡು," ಎಂದು ನಗಲು ಹೋದ. ಕೆಮ್ಮು ಬಂತು. ಅದು ನಿಂತ ಮೇಲೆ ಬಹಳ ಹೊತ್ತು ನನ್ನ ಮುಂಗೈ ಹಿಡಿದುಕೊಂಡೇ ಇದ್ದ. "ನೀನು ನಿಲ್ಲಿಸ್ಬೇಡ," ಎಂದ.

ನೆಲ ಹೆಪ್ಪುಗಟ್ಟುವ ಮುಂಚೆ ಹೋದ.

ಈಗ ದಿನಾ ಬೆಳಿಗ್ಗೆ ಉಪ್ಪಿನ ಚಹಾ ಬಗ್ಗಿಸಿಕೊಟ್ಟು ಅತ್ತಿಗೆ ನನ್ನೆದುರು ನಿಲ್ಲುತ್ತಾಳೆ. ಮಾತ್ರೆ ನುಂಗಿದೆ ಎಂದರೆ ನಂಬುವುದಿಲ್ಲ. ಬಾಯಿ ತೆರೆಸಿ ನೋಡುತ್ತಾಳೆ.