ಕುಬಸದ ಹಸಿರು ಸರ

ಹುನ್ನೂರಿನಿಂದ ಬಂದ ಆ ಹೆಣ್ಣುಮಗಳು ದುಡ್ಡು ವಾಪಸ್ ಕೇಳಿದ್ದರೆ ಕೊಟ್ಟು ಕಳಿಸಿಬಿಡುತ್ತಿದ್ದೆ. ಆಕೆ ಅದನ್ನು ಕೇಳಲೇ ಇಲ್ಲ. ಕೊಟ್ಟ ಚಹಾ ಮುಟ್ಟಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹಸಿರು ಮಣಿಗಳನ್ನು ಟೀಪಾಯಿಯ ಮೇಲೆ ಸುರಿದಳು.

"ಖರೇ ಹೇಳ್ರಿ ಅಮ್ಮಾರ. ನೂಲ ಕಚ್ಚಾ ಇತ್ತೇನ್ರಿ?"

ಮಣಿಗಳು ನಮ್ಮವೇ. ನಾನು ಮತ್ತು ಕಸ್ತೂರಿ ಕೂಡಿ ಪೋಣಿಸಿ ಮಾರಿದ ಸರದವು.

ಬಂದವಳ ಹೆಸರು ಶಿವಲೀಲಾ. ಮಗಳು ಸವಿತಾಳನ್ನು ಮುಧೋಳಕ್ಕೆ ಕೊಟ್ಟಿದ್ದಾರೆ. ಚೊಚ್ಚಲ ಬಸುರಿ. ಹಿಂದಿನ ವಾರ ಗಂಡನ ಮನೆಯಲ್ಲಿ ಕುಬಸವಿತ್ತು. (ಕುಬಸ ಅಂದರೆ ನಮ್ಮ ಕಡೆಯ ಸೀಮಂತ. ಮೈಸೂರು ಕಡೆಯ ಓದುಗರು ಪ್ರತಿ ಸಲ ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.) ಹಸಿರು ಸೀರೆ, ಕೈತುಂಬ ಹಸಿರು ಬಳೆ. ಮ್ಯಾಚಿಂಗ್ ಇರಲಿ ಎಂದು ತಾಯಿ ನಮ್ಮಿಂದ ಹಸಿರು ಮಣಿಸರ ಒಯ್ದಿದ್ದಳು. ಬಿಸಿಲಿನ ದಿನ, ಮನೆ ತುಂಬ ಜನ. ಉಡಿ ತುಂಬುವಾಗ ಹುಡುಗಿ ಸ್ವಲ್ಪ ಮುಂದಕ್ಕೆ ಬಾಗಿದಳು. ಸರ ಹರಿಯಿತು. ಮಣಿಗಳು ಉಡಿಯ ಅಕ್ಕಿಯೊಳಗೆ ಉದುರಿದವು.

ಹಾಡು ನಿಂತಿತು. ಮುದುಕಿಯೊಬ್ಬಳು ‘ಶಿವನೇ’ ಅಂದಳಂತೆ. ಅಷ್ಟೇ. ಬೇರೆ ಯಾರೂ ಏನೂ ಅನ್ನಲಿಲ್ಲ. ಕೆಲವು ಸಲ ಅನ್ನದೇ ಇರುವುದು ಅನ್ನುವುದಕ್ಕಿಂತ ಕೆಟ್ಟದ್ದು, ಅಲ್ಲವೇ?

ಅಂದಿನಿಂದ ಸವಿತಾ ಸರಿಯಾಗಿ ಉಂಡಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂಸು ಮಿಸುಕುತ್ತದೋ ಇಲ್ಲವೋ ಎಂದು ನೋಡುತ್ತ ಕೂರುತ್ತಾಳೆ. ಸರ ಹೋದದ್ದು ತವರಿನಿಂದ. ಹೀಗಾಗಿ ಅತ್ತೆಯ ಮನೆಯಲ್ಲಿ ತಾಯಿಗೂ ತಲೆ ಎತ್ತಲು ಆಗುತ್ತಿಲ್ಲ.

"ಡಾಕ್ಟರ್ ಎಲ್ಲಾ ನಾರ್ಮಲ್ ಐತಿ ಅಂದಾರ್ರಿ. ಅಕಿ ನಂಬವಲ್ಲಳು. ನೂಲಿಂದ ತಪ್ಪ ಇದ್ರ ಅಷ್ಟ ಹೇಳ್ರಿ. ನಾ ಹೋಗಿ ಅಕಿಗೆ ಹೇಳತೇನಿ."

ಯೋಚಿಸಿ ನೋಡಿ. ನಾವು ಮಾರಿದ ಸಾಮಾನು ಕೆಟ್ಟದ್ದಾಗಿರಲಿ ಎಂದು ದೇವರಿಗೆ ಬೇಡಿಕೊಳ್ಳುತ್ತ ಒಬ್ಬ ತಾಯಿ ಬಸ್ ಹತ್ತಿ ಬಂದಿದ್ದಳು. ಇಂಥ ಕಸ್ಟಮರ್‌ಗೆ ಏನು ಉತ್ತರ ಕೊಡುವುದು?

ಕಸ್ತೂರಿ ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಕಾನ್ವೆಂಟಿನಲ್ಲಿ ಕಲಿತವರು ಹೇಳುವ ಮಾತನ್ನೇ ಹೇಳಿದೆ. ಚೆಕ್ ಮಾಡಿ ತಿಳಿಸುತ್ತೇವೆ, ಪ್ಲೀಸ್, ಎರಡು ದಿನ ಟೈಮ್ ಕೊಡಿ. ಶಿವಲೀಲಾ ಮಣಿಗಳನ್ನು ಅಲ್ಲೇ ಬಿಟ್ಟು ಹೋದಳು.

ಬಿಸಿನೆಸ್ ಅಂದರೆ ದೊಡ್ಡ ಮಾತು. ಇದು ನನ್ನ ಹಾಬಿ. ಬೆಳಗಾವಿಯ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕ್ಲಾಸಿನ ಸಿಸ್ಟರ್ ಮಣಿ ಪೋಣಿಸುವುದನ್ನು ಕಲಿಸಿದ್ದರು. ಮದುವೆಯಾಗಿ ಜಮಖಂಡಿಗೆ ಬಂದ ಮೇಲೆ ಇಂಗ್ಲಿಷಿನಲ್ಲಿ ಹರಟಲು ಯಾರೂ ಸಿಗಲಿಲ್ಲ. ಮಣಿಗಳು ಸಿಕ್ಕವು. ಮಧ್ಯಾಹ್ನಗಳೆಲ್ಲ ಅವುಗಳ ಜೊತೆ ಕಳೆದವು. ಅರಿಶಿನ ಕುಂಕುಮಕ್ಕೆ ಬಂದವರಿಗೆ, ಬಾಣಂತಿಯರಿಗೆ, ವರ್ಗವಾಗಿ ಹೋಗುವ ಟೀಚರುಗಳಿಗೆ, ಎಲ್ಲರಿಗೂ ಒಂದೊಂದು ಸರ. ಎಲ್ಲರೂ ಹೊಗಳಿದರು. ಅಂಗಡಿಯದಕ್ಕಿಂತ ಛಲೋ ಅಂದರು.

ಆ ಹೊಗಳಿಕೆಯನ್ನು ನಂಬಿಯೇ ಕಸ್ತೂರಿ ಇದನ್ನು ಬಿಸಿನೆಸ್ ಮಾಡೋಣ ಅಂದದ್ದು. ಅವಳು ಬನಹಟ್ಟಿಯ ನೇಕಾರರ ಮನೆಯ ಸೊಸೆ, ತವರೂ ನೇಕಾರರದೇ. ನನ್ನ ತೀರಿಹೋದ ಗೆಳತಿಯ ಮಗಳು. ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾಳೆ. ನನಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಹಾಕುವುದು ಕಷ್ಟವಾದಾಗ ಅವಳ ತಾಯಿ ಒಂದು ಉಪಾಯ ಹೇಳಿದ್ದಳು. ಮಗ್ಗದಿಂದ ಸೀರೆ ಕೊಯ್ದ ಮೇಲೆ ಉದ್ದಕ್ಕೆ ಹಾಸಿದ ನೂಲಿನ ತುದಿಗಳು ಉಳಿಯುತ್ತವೆ. ಗಂಜಿ ಹಚ್ಚಿದ ನೂಲು, ಕಡ್ಡಿಯಂತೆ ಸೆಟೆದು ನಿಲ್ಲುತ್ತದೆ. ಸೂಜಿಯೇ ಬೇಡ. ನೂಲು ತಾನೇ ಮಣಿಯೊಳಗೆ ತೂರುತ್ತದೆ.

ಅದೇ ನಮ್ಮ ಟ್ರೇಡ್ ಸೀಕ್ರೆಟ್. ಅದನ್ನು ಎಳೆದು ನೋಡಬೇಕು, ನೆನೆಸಿ ನೋಡಬೇಕು ಎಂದು ಕಸ್ತೂರಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಅವಳ ಎರಡೂ ಮನೆಗಳಿಗೆ ಅನ್ನ ಕೊಟ್ಟ ನೂಲು ಅದು. ತಾಯಿಯನ್ನು ಯಾರಾದರೂ ಟೆಸ್ಟ್ ಮಾಡುತ್ತಾರೆಯೇ?

ಈಗ ಅವಳ ಗಂಡನ ಪವರ್‌ಲೂಮ್‌ಗಳು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬನಹಟ್ಟಿಯ ಬಳೆ ಅಂಗಡಿಯೊಂದು ನಮ್ಮ ಸರಗಳನ್ನು ಶೋಕೇಸಿನಲ್ಲಿಡಲು ಒಪ್ಪಿತ್ತು, ‘ಕಸ್ತೂರಿ’ ಎಂದು ಹೆಸರು ಹಾಕಿ. ತನ್ನ ಹೆಸರನ್ನು ಮದುವೆ ಕಾರ್ಡಿನ ನಂತರ ಅಚ್ಚಿನಲ್ಲಿ ನೋಡುವುದು ಇದೇ ಮೊದಲು ಎಂದು ನಕ್ಕಿದ್ದಳು.

ಶಿವಲೀಲಾ ಹೋದ ಮೇಲೆ ಇಬ್ಬರೂ ಅಡುಗೆಮನೆಗೆ ಹೋದೆವು. ಹೊಸ ಸರವೊಂದನ್ನು ನಲ್ಲಿಯ ಕೆಳಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಗಂಜಿ ಬಿಟ್ಟುಕೊಂಡಿತು. ಬೆರಳಿಗೆ ಅಂಟು. ನೂಲು ಮೆತ್ತಗಾಗಿ ಎಳೆ ಎಳೆಯಾಯಿತು. ಮೆಲ್ಲಗೆ ಎಳೆದೆ, ಗಾಜಿನ ಮಣಿಯ ಅಂಚಿಗೆ ತಾಗಿ ಕಡಿಯಿತು. ಬೆವರಿದ ಕೊರಳಿನಲ್ಲಿ ಆದದ್ದೂ ಇದೇ.

ಕಸ್ತೂರಿ ಸಿಂಕನ್ನೇ ನೋಡುತ್ತ ನಿಂತಳು. "ಸೀರ್ಯಾಗ ಒಂದ ಎಳಿಗೆ ಬಾಜೂಕ ನೂರ ಎಳಿ ಇರತಾವ ಮೌಶಿ. ಸರದಾಗ ಅದು ಒಂದ ಇರತೈತಿ." ಆಮೇಲೆ ತಗ್ಗಿದ ದನಿಯಲ್ಲಿ, ಹೇಳಿದರೆ ಅಂಗಡಿ ಹೋಯಿತು ಅಂದಳು. ನಾನು ಹೌದು ಅಂದೆ. ಹೇಳದಿದ್ದರೆ ಏನು ಹೋಗುತ್ತದೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳಿಗೂ ಎರಡು ಹೆರಿಗೆಯಾಗಿದೆ.

ಆದರೆ ನನ್ನನ್ನು ಕಾಡಿದ್ದು ಬೇರೆ. ಇಷ್ಟು ವರ್ಷ ಇದೇ ನೂಲಿನಲ್ಲಿ ಸರ ಮಾಡಿ ಹಂಚಿದ್ದೇನೆ. ಅವು ಹರಿಯಲಿಲ್ಲವೇ? ಪಕ್ಕದ ಮನೆಯ ಗಿರಿಜಾಳನ್ನು ಕೇಳಿದೆ. ನನಗಿಂತ ಹಿರಿಯಳು, ನನ್ನ ಸರಗಳ ಮೊದಲ ಅಭಿಮಾನಿ. ಮೊದಮೊದಲು ಅದೂ ಇದೂ ಮಾತಾಡಿದಳು. ಬಿಡದೇ ಕೇಳಿದ್ದಕ್ಕೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದಳು. ಅದರ ತುಂಬ ಬಣ್ಣಬಣ್ಣದ ಬಿಡಿ ಮಣಿಗಳು.

"ಎಲ್ಲಾ ಹರದಾವ ಬೇ. ಪ್ರೀತಿಲೆ ಕೊಟ್ಟದ್ದಕ್ಕ ಹರೀತು ಅಂತ ಹೆಂಗ ಹೇಳೂದು? ಹೇಳಿದ್ರ ಮತ್ತೊಂದ ಮಾಡಿ ಕೊಡತಿದ್ದಿ."

ನಗು ಬಂತು. ಆಮೇಲೆ ಬಹಳ ಹೊತ್ತು ನಗು ಬರಲಿಲ್ಲ. ಎಂಥ ಆಡಿಯನ್ಸ್ ನನಗಿತ್ತು! ಇಷ್ಟು ವರ್ಷದಲ್ಲಿ ಒಬ್ಬಳೇ ಒಬ್ಬಳು ಬಾಯಿ ಬಿಟ್ಟಿದ್ದರೆ ಆ ನೂಲು ಸವಿತಾಳ ಕೊರಳಿಗೆ ಹೋಗುತ್ತಲೇ ಇರಲಿಲ್ಲ.

ಮರುದಿನ ಶಿವಲೀಲಾಳನ್ನು ಕರೆದುಕೊಂಡು ಮುಧೋಳಕ್ಕೆ ಹೋದೆವು. ಗಿರಿಜಾಳ ಚೀಲವೂ ಜೊತೆಗಿತ್ತು. ಸವಿತಾಳ ಅತ್ತೆ ಚಾಪೆ ಹಾಸಿ ಕೂರಿಸಿದರು. ಕುಬಸಕ್ಕೆ ಬಂದಿದ್ದ ನೆರೆಯ ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು. ನಾನು ಏನೇನೋ ಪೀಠಿಕೆ ಹಾಕಬೇಕೆಂದಿದ್ದೆ. ಕಸ್ತೂರಿ ಬಿಡಲಿಲ್ಲ. ಒಂದು ಬೋಗುಣಿ ನೀರು ಕೇಳಿದಳು. ಅಂಗಡಿಗೆಂದು ಮಾಡಿಟ್ಟಿದ್ದ ಹೊಸ ಸರಗಳನ್ನು ಅದರಲ್ಲಿ ನೆನೆಸಿ, ಒಂದೊಂದಾಗಿ ತೆಗೆದು ಎಲ್ಲರ ಎದುರಿಗೆ ಎಳೆದಳು. ಒಂದೊಂದೂ ಹರಿಯಿತು. ಗಂಜಿಯ ವಿಷಯ ಹೇಳಿದಳು. ಗಿರಿಜಾಳ ಚೀಲ ಬಿಚ್ಚಿ ತೋರಿಸಿದಳು. ತನ್ನ ಹೆಸರನ್ನೂ ಹೇಳಿದಳು.

ಸವಿತಾ ಗೋಡೆಗೆ ಒರಗಿ ಕೂತಿದ್ದಳು. ಎಳೆಯ ಮುಖ, ಕಣ್ಣಿನ ಕೆಳಗೆ ಕಪ್ಪು.

"ಎಲ್ಲಾರದ್ದೂ ಹರಿತಾವೇನ್ರಿ ಅಕ್ಕಾರ?"

"ಎಲ್ಲಾರದ್ದೂ ಹರಿತಾವ ತಂಗಿ. ನಿಂದ ಒಂದ ಅಲ್ಲ," ಅಂದಳು ಕಸ್ತೂರಿ.

ಹುಡುಗಿ ಅಳತೊಡಗಿದಳು. ತಾಯಿ ಹತ್ತಿರ ಹೋಗುವ ಮೊದಲೇ ಅತ್ತೆ ಎದ್ದು ಅವಳ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ, ನಿಮ್ಮ ಸರ ಇನ್ನು ಯಾರಿಗೂ ಒಯ್ಯಗೊಡುವುದಿಲ್ಲ, ಆದರೆ ಊಟ ಮಾಡದೆ ನಿಮ್ಮನ್ನೂ ಹೋಗಗೊಡುವುದಿಲ್ಲ ಅಂದರು. ಸವಿತಾ ನಮ್ಮ ಪಂಕ್ತಿಯಲ್ಲೇ ಕೂತು ಉಂಡಳು. ಮಗಳು ಎರಡನೇ ಸಲ ರೊಟ್ಟಿ ಹಾಕಿಸಿಕೊಂಡಾಗ ಶಿವಲೀಲಾ ಮುಖ ಆಚೆ ತಿರುಗಿಸಿಕೊಂಡಳು.

ಮಾತು ನಮಗಿಂತ ಮೊದಲೇ ಬನಹಟ್ಟಿಗೆ ತಲುಪಿತ್ತು. ಬಳೆ ಅಂಗಡಿಯವರು ಈಗ ಬೇಡ ಅಂದರು. ಕಸ್ತೂರಿ ವಾದಿಸಲಿಲ್ಲ. ಸರ ಒಯ್ದವರಿಗೆಲ್ಲ ತಾನೇ ಫೋನ್ ಮಾಡಿ ವಾಪಸ್ ತರಿಸಿಕೊಳ್ಳುತ್ತಿದ್ದಾಳೆ. ನೈಲಾನ್ ದಾರ ತಂದಿದ್ದಾಳೆ. ಅದಕ್ಕೆ ಸೂಜಿ ಬೇಕು. ನಾನು ಈಗ ಮಣಿಗಳನ್ನು ಬಣ್ಣ ಬಣ್ಣ ಬೇರೆ ಮಾಡಿಕೊಡುತ್ತೇನೆ, ಅಷ್ಟೇ. ಬಿಸಿನೆಸ್ ಉಳಿಯುತ್ತದೋ ಇಲ್ಲವೋ, ಗೊತ್ತಿಲ್ಲ.

ಆದರೆ ಒಂದು ಯೋಚನೆ ಬಿಡುತ್ತಿಲ್ಲ. ‘ತಪ್ಪು ನಮ್ಮದು’ ಎಂದು ಯಾರೂ ಮನೆಗೆ ಬಂದು ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ, ನಮ್ಮ ಎಷ್ಟು ಹೆಣ್ಣುಮಕ್ಕಳು ಇವತ್ತಿಗೂ ತಮ್ಮ ಹಣೆಬರಹವನ್ನೇ ದೂರುತ್ತ ಗೋಡೆಗೆ ಒರಗಿ ಕೂತಿದ್ದಾರೆ?